ಪರದೆ ಕಪ್ಪಗೇ ಉಳಿದ ದಿನ

ಬಸವಕಲ್ಯಾಣದಿಂದ ದಿನಾ ಬಸ್ಸು ಹತ್ತಿ ಹುಮನಾಬಾದಿನ ಕಾಲೇಜಿಗೆ ಕಂಪ್ಯೂಟರ್ ಕಲಿಸಲು ಬರುತ್ತಿದ್ದ ತುಳಜಾರಾಮ ಮಾಸ್ತರರಿಗೆ, ತಪ್ಪು ತಮ್ಮದಿರಬಹುದು ಎಂಬ ಯೋಚನೆ ಸುಲಭಕ್ಕೆ ಬರುತ್ತಿರಲಿಲ್ಲ. ೧೯೮೮ರಲ್ಲಿ ಕಾಲೇಜಿಗೆ ಹೊಸ ಕಂಪ್ಯೂಟರ್ ಬಂದ ಆ ದಿನವೂ ಬರಲಿಲ್ಲ.

ಹೊಸ ಯಂತ್ರಕ್ಕೆ ಕುಂಕುಮ ಹಚ್ಚಿ, ಕಾಯಿ ಒಡೆದಾಗಿತ್ತು. ಅತಿಥಿಗಳು ಚಪ್ಪಲಿ ಹೊರಗೆ ಬಿಟ್ಟು ತಂಪು ಕೋಣೆಯಲ್ಲಿ ಕೂತಿದ್ದರು. ಅವರಿಗೆ ತೋರಿಸಬೇಕಾದ್ದು ಇಷ್ಟು: ಮಾಸ್ತರರು ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ತಾಯಿ ಪ್ರೋಗ್ರಾಂ ಒಂದು ಮರಿಯನ್ನು, ಅಂದರೆ ತನ್ನಿಂದಲೇ ಶುರುವಾಗುವ ಇನ್ನೊಂದು ಓಟವನ್ನು, ಹುಟ್ಟಿಸಬೇಕು. ಆ ಮರಿಯಾಗಿ ಓಡುವುದು ವಿದ್ಯಾರ್ಥಿನಿ ಸುಮನಬಾಯಿ ಬರೆದ ಪ್ರೋಗ್ರಾಂ. ಅದು ತಾಲ್ಲೂಕಿನ ಮಳೆ ಲೆಕ್ಕವನ್ನು ಪರದೆಯ ಮೇಲೆ ತೋರಿಸದೆ ಫೈಲಿಗೆ ಬರೆಯಬೇಕು. ಆಮೇಲೆ ತಾಯಿ ಪರದೆಯ ಮೇಲೆ ಅತಿಥಿಗಳಿಗೆ ಸ್ವಾಗತ ಹೇಳಬೇಕು.

ಮಾಸ್ತರರು ಗುಂಡಿ ಒತ್ತಿದರು. ಪರದೆ ಕಪ್ಪಗೇ ಉಳಿಯಿತು. ಮತ್ತೆ ಒತ್ತಿದರು, ಅದೇ ಕಥೆ. ಯಾರೋ ಕೆಮ್ಮಿದರು. ಮಾಸ್ತರರ ಪಿತ್ತ ನೆತ್ತಿಗೇರಿತು.

"ಮರಿ ಕೆಟ್ಟದ, ಅದಕ್ಕ ತಾಯಿ ಬಾಯಿ ಮುಚ್ಚ್ಯಾದ," ಎಂದು ಸುಮನಬಾಯಿಯತ್ತ ತಿರುಗಿದರು. "ದನದ ಕೊಟ್ಟಿಗ್ಯಾಗ ಇರೋರನ್ನ ತಂದು ಇಲ್ಲಿ ಕೂಡ್ಸಿದ್ರ ಹಿಂಗೇ ಆಗ್ತದ."

ಹಿಂದಿನ ಸಾಲಿನಿಂದ ಅವಳಪ್ಪ ಮಡೆಪ್ಪ ಎದ್ದ. ಬೇಮಳಖೇಡದ ದನಗಾರ; ಮಗಳ ಕೆಲಸ ನೋಡಲೆಂದೇ ಒಗೆದ ಧೋತರ ಉಟ್ಟು ಬಂದಿದ್ದ. "ತಪ್ಪಾತ್ರಿ ಸಾಹೇಬ್ರ, ಸಣ್ಣಾಕಿ ಅದಾಳ," ಎಂದು ಕೈ ಮುಗಿದ. ಆ ಮುಗಿದ ಕೈಗೆ ಮಾಸ್ತರರು ದೊಡ್ಡಸ್ತಿಕೆಯಿಂದ ತಲೆಯಾಡಿಸಿದರು.

ಅತಿಥಿಗಳು ಚಹಾಕ್ಕೆ ಎದ್ದ ಮೇಲೆ ಅವರು ಫೈಲು ತೆರೆದರು. ಊರೂರಿನ ಮಳೆ ಲೆಕ್ಕ ಒಂದಿಷ್ಟೂ ತಪ್ಪಿಲ್ಲದೆ ಅಲ್ಲಿತ್ತು. ಅದರ ಕೆಳಗೆ ಅವರದೇ ಸ್ವಾಗತ ಕೂತಿತ್ತು. ಪರದೆಗೆ ಹೋಗುವ ಮಾತನ್ನು ಫೈಲಿಗೆ ತಿರುಗಿಸುವ ಸಾಲನ್ನು ಮರಿ ಹುಟ್ಟಿದ ಮೇಲೆ, ಮರಿಯ ಪಾಲಿಗಷ್ಟೇ ಬರೆಯಬೇಕಿತ್ತು; ಮಾಸ್ತರರು ಅದನ್ನು ಮರಿ ಹುಟ್ಟುವ ಮೊದಲೇ ಬರೆದಿದ್ದರು. ಹೀಗಾಗಿ ತಾಯಿಯ ಮಾತೂ ಫೈಲಿಗೇ ಹೋಗಿತ್ತು. ಮಾಸ್ತರರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಪ್ಪಿಗಿಂತ, ಮಡೆಪ್ಪನ ಮುಗಿದ ಕೈಗೆ ತಾವು ತಲೆಯಾಡಿಸಿದ್ದು ಹೆಚ್ಚು ಸುಟ್ಟಿತು.

ಹೊರಗೆ ಹೋಗಿ ಎಲ್ಲರೆದುರು ತಪ್ಪು ತಮ್ಮದೆಂದರು. ಪ್ರಿನ್ಸಿಪಾಲರು ನಕ್ಕು ಅವರ ಬೆನ್ನು ತಟ್ಟಿದರು. ಹುಡುಗಿಯ ಮಾನ ಕಾಯಲು ತಪ್ಪನ್ನು ಮೈಮೇಲೆ ಎಳೆದುಕೊಳ್ಳುವ ಇಂಥ ಗುರು ಎಲ್ಲಿ ಸಿಗುತ್ತಾರೆ ಎಂದರು. ಅತಿಥಿಗಳು ಚಪ್ಪಾಳೆ ಹೊಡೆದರು. ಅಲ್ಲ, ಖರೇನೇ ನನ್ನದು, ಬಂದು ನೋಡ್ರಿ ಎಂದು ಮಾಸ್ತರರು ಅಂಗಲಾಚಿದರೂ ಚಹಾ ಬಿಟ್ಟು ಯಾರೂ ಕದಲಲಿಲ್ಲ.

ಮಡೆಪ್ಪನೊಬ್ಬನೇ ಮಗಳ ಕೈ ಹಿಡಿದು ಒಳಗೆ ಬಂದ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಮಾಸ್ತರರು ಪ್ರೋಗ್ರಾಂ ತೆರೆದು, ತಪ್ಪಿದ ಸಾಲಿನ ಮೇಲೆ ಬೆರಳಿಟ್ಟರು. ಮಡೆಪ್ಪ ಆ ಬೆರಳನ್ನು ನೋಡಿದ, ಅವರ ಮುಖ ನೋಡಿದ. ಮತ್ತೆ ಮಗಳ ಕಡೆ ತಿರುಗಿದ.

"ನೀ ಓದಿ ಹೇಳವ್ವ," ಎಂದ. "ಇವ್ರ ಮಾತು ನಾ ಆಗ್ಲೇ ಒಮ್ಮಿ ನಂಬಿ ಕೈ ಮುಗದೀನಿ."