ರೋಗಿಗೆ ಏನಾಗಬೇಕು?

ಗಂಡಸರ ಶಸ್ತ್ರಚಿಕಿತ್ಸೆ ವಾರ್ಡಿಗೆ ಹೇಗೆ ಹೋಗುವುದೆಂದು ಆ ಹೆಂಗಸು ಮೂರನೇ ಸಲ ಕೇಳಿದಾಗ ರೆಂಜಿನಿ ತಲೆಯೆತ್ತಿ ನೋಡಿದಳು. ಕೇರಳದ ಆಲಪ್ಪುಳದ ಆ ದೊಡ್ಡಾಸ್ಪತ್ರೆಗೆ ಬಂದವರಿಗೆ ದಾರಿ ತೋರಿಸುವುದು ಅವಳ ಕೆಲಸ. ಬಾಯಿಗಿಂತ ಅವಳ ಕೈಯೇ ಹೆಚ್ಚು ಮಾತಾಡುತ್ತಿತ್ತು.

“ಮೇಲ್ಗಡೆ, ಎಡಕ್ಕೆ,” ಎಂದಳು.

ಹೆಂಗಸು ಗಂಜಿಯ ಫ್ಲಾಸ್ಕನ್ನು ಎದೆಗವಚಿಕೊಂಡು ಹೊರಟಳು. ಪಕ್ಕದಲ್ಲಿ ಚೀಟಿ ಕೊಡುತ್ತಿದ್ದ ಬೇಬಿ ಚೇಚಿ ನಕ್ಕಳು. “ಏನೇ, ಪ್ರದಕ್ಷಿಣೆ ಹಾಕ್ತಿದಾರಾ? ನೀನು ಬಾಯಿಬಿಟ್ಟು ಹೇಳಿದ್ರೆ ತಾನೇ ಅವರಿಗೆ ಗೊತ್ತಾಗೋದು!”

ರೆಂಜಿನಿಗೆ ಅನುಮಾನ. ದಾರಿ ತಪ್ಪಿದವರು ಗೋಡೆಯ ಬರಹ ಹುಡುಕುತ್ತಾರೆ, ತಿರುವಿನಲ್ಲಿ ನಿಂತು ಅತ್ತಿತ್ತ ನೋಡುತ್ತಾರೆ. ಈಕೆ ಎಲ್ಲೂ ನಿಲ್ಲದೆ ಹೋಗುತ್ತಿದ್ದಳು. ರೆಂಜಿನಿ ಎದ್ದು ಹಿಂದೆಯೇ ಹೋದಳು.

ಹೆಂಗಸು ನೇರ ವಾರ್ಡಿನ ಬಾಗಿಲ ತನಕ ಹೋಗಿ, ಕಾವಲಿನ ವರ್ಗೀಸನನ್ನು ಕಂಡದ್ದೇ ಗೋಡೆಗೆ ಒರಗಿಬಿಟ್ಟಳು. ಒಳಹೋಗುವ ಒಬ್ಬೊಬ್ಬರನ್ನೂ ಅವನು ಕೇಳುತ್ತಿದ್ದ: “ರೋಗಿಗೆ ಏನಾಗಬೇಕು?” ಅಣ್ಣ, ಅತ್ತೆ, ಅಳಿಯ ಎನ್ನುತ್ತ ಜನ ಒಳಗೆ ನುಗ್ಗುತ್ತಿದ್ದರು.

“ಯಾರನ್ನ ನೋಡಬೇಕು ಅಮ್ಮಚ್ಚೀ?” ರೆಂಜಿನಿ ಮೆಲ್ಲಗೆ ಕೇಳಿದಳು.

“ದಿವಾಕರನ್ ಅಂತ. ನಾಳೆ ಬೆಳಿಗ್ಗೆ ಆಪರೇಷನ್ನು. ಎದ್ದು ಬರ್ತಾರೋ ಇಲ್ವೋ.” ಹೆಂಗಸಿನ ದನಿ ಇಳಿಯಿತು. “ಬಿಟ್ಟುಬಂದವಳು ನಾನೇ ಮೋಳೇ. ಕೋರ್ಟಲ್ಲೂ ಮುಗಿದುಹೋಯ್ತು. ಹೆಂಡತಿ ಅನ್ನೋ ಹಾಗಿಲ್ಲ. ಇನ್ನೇನಂತ ಹೇಳಲಿ? ಇವನು ಹೋಗಿ ಅವರನ್ನೇ ಕೇಳಿ, ಅವರು ‘ನಂಗೆ ಯಾರೂ ಅಲ್ಲ’ ಅಂದ್ಬಿಟ್ರೆ?”

ರೋಗಿಗಳನ್ನು ನೋಡಲು ಬಿಡುವ ಹೊತ್ತು ಮುಗಿಯುತ್ತ ಬಂದಿತ್ತು. ರೆಂಜಿನಿ ಆಕೆಯ ಮೊಣಕೈ ಹಿಡಿದು ಬಾಗಿಲಿಗೆ ನಡೆದಳು.

“ಏನಾಗಬೇಕು?”

“ಇವರು ನಮ್ಮ ಕಡೆಯವರು, ಚೇಟಾ,” ಎಂದಳು ರೆಂಜಿನಿ. ಸುಳ್ಳು ಹೇಳಿದ್ದಕ್ಕೆ ಅವಳ ಕಿವಿ ಬಿಸಿಯಾಯಿತು.

“ಅಯ್ಯೋ ಕರ್ತಾವೇ, ಇದಕ್ಕೆ ಮಾತೂ ಬರುತ್ತೆ!” ವರ್ಗೀಸ್ ಬಾಗಿಲು ಬಿಟ್ಟ. “ಹೋಗಿ ಹೋಗಿ. ಬೇಗ ಬಂದ್ಬಿಡಬೇಕು ಮತ್ತೆ.”

ಕಿಟಕಿಯ ಪಕ್ಕದ ಮಂಚದಲ್ಲಿ ದಿವಾಕರನ್ ಒಬ್ಬನೇ ಮಲಗಿದ್ದ. ಅವನ ಜೊತೆಗೆಂದು ಬಂದವರು ಯಾರೂ ಕಾಣಲಿಲ್ಲ. ಹೆಂಗಸು ಅವನ ಕಾಲಬಳಿ ಹೋಗಿ ನಿಂತಳು. ಗಂಜಿಯ ಫ್ಲಾಸ್ಕನ್ನು ಇನ್ನೂ ಎದೆಗವಚಿಕೊಂಡೇ ಇದ್ದಳು.

ಅವನು ಬಹಳ ಹೊತ್ತು ನೋಡಿದ. ಬಾಗಿಲ ಕಡೆಗೆ ತಿರುಗಿದ್ದ ರೆಂಜಿನಿ ಅಲ್ಲೇ ನಿಂತಳು.

ದಿವಾಕರನ್ ನೋವಿಗೆ ಹಲ್ಲುಕಚ್ಚಿ, ಎರಡೂ ಕಾಲುಗಳನ್ನು ನಿಧಾನವಾಗಿ ಮಡಿಸಿಕೊಂಡು, ಮಂಚದ ಮೇಲೆ ಒಬ್ಬರು ಕೂರುವಷ್ಟು ಜಾಗ ಮಾಡಿದ.