ಕಳಲೆಯ ನೀರು

ಮುಟ್ಟಳ್ಳಿಯ ಮಾಲತಿಗೆ ನೀರು ಚೆಲ್ಲುವವರನ್ನು ಕಂಡರೆ ಆಗುತ್ತಿರಲಿಲ್ಲ. ಬಾವಿಯ ನೀರಲ್ಲ, ನುಗ್ಗೆಸೊಪ್ಪು, ಹುರುಳಿ, ಬಾಳೆದಿಂಡು ಬೇಯಿಸಿದ ನೀರು. ಸತ್ವವೆಲ್ಲ ಅದರಲ್ಲೇ ಇರುತ್ತದೆ, ಜನ ಅದನ್ನು ಮೋರಿಗೆ ಸುರಿದು ಅಂಗಡಿಯಿಂದ ಡಬ್ಬದ ಪುಡಿ ತರುತ್ತಾರೆ ಎಂದು ಅವಳ ಸಿಟ್ಟು. ಗಂಡ ಪ್ರಕಾಶನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲಂತೂ ಅದು ವ್ರತವೇ ಆಯಿತು. ದಿನಾ ಬೆಳಿಗ್ಗೆ ಅಡುಗೆಕಟ್ಟೆಯ ಮೂಲೆಯಲ್ಲಿ ದೊಡ್ಡ ತಂಬಿಗೆ ತುಂಬ ಅಂಥ ನೀರಿಟ್ಟು, ಮುಚ್ಚಳ ಮುಚ್ಚಿ, "ಕಟ್ಟೆ ಮೇಲಿಂದು ಕುಡೀರಿ" ಎನ್ನುವಳು. ಸಂಜೆಗೆ ತಂಬಿಗೆ ಖಾಲಿ. ಆದರೂ ಹಾಳಾದ ಸಕ್ಕರೆ ಇಳಿಯಲೊಲ್ಲದು. ಅತ್ತೆ ಗಂಗಿಯ ಹಸು ಗೌರಿ ಮಾತ್ರ ಈ ಮಳೆಗಾಲ ಎಂದೂ ಕೊಡದಷ್ಟು ಹಾಲು ಕೊಡುತ್ತಿತ್ತು. ಹೊಸ ಹುಲ್ಲಿನ ಗುಣ ಎಂದು ಗಂಗಿ ಹಿಗ್ಗುತ್ತಿದ್ದಳು.

ಕಳಲೆಯ ನೀರಿನ ಮಾತು ಬೇರೆ. ಎಳೆ ಬಿದಿರಿನ ಮೊಳಕೆಯನ್ನು ಹೆಚ್ಚಿ, ಮೂರು ದಿನ ನೆನೆಸಿ, ದಿನಾ ನೀರು ಬದಲಿಸದೆ ಒಲೆಗೆ ಇಡುವಂತಿಲ್ಲ. ಬಸಿದ ನೀರನ್ನು ಹಿತ್ತಿಲಾಚೆ ಗುಂಡಿಗೆ ಸುರಿದು ಮೇಲೆ ಮಣ್ಣು ಎಳೆಯಬೇಕು.

"ಅಂಗಳದಲ್ಲಿ ಚೆಲ್ಬೇಡ ಮತ್ತೆ. ತಿಮ್ಮಪ್ಪನ ಮನೆ ಎಮ್ಮೆ ಹಾಂಗೇ ಹೋದದ್ದು. ಕುಡ್ದು ಮಲಗ್ತು, ಮತ್ತೆ ಏಳ್ಲೇ ಇಲ್ಲ" ಎಂದು ಗಂಗಿ ಪ್ರತಿ ವರ್ಷ ಹೇಳುವಳು.

ಆ ಬೆಳಿಗ್ಗೆ ಮಾಲತಿ ಕಳಲೆಯ ಮೊದಲ ನೀರು ಬಸಿದಳು. ಹೊರಗೆ ಮಳೆ ಹಿಡಿದು ಹೊಡೆಯುತ್ತಿತ್ತು. ಶಿರಾಲಿಯಲ್ಲಿ ಮಹಿಳಾ ಸಂಘದ ಸಭೆ, ಮಾತಾಡುವವಳು ಅವಳೇ, ಉಟ್ಟದ್ದು ಒಳ್ಳೆಯ ಸೀರೆ. ಬಂದ ಮೇಲೆ ಗುಂಡಿಗೆ ಸುರಿದರಾಯಿತು ಎಂದು ನೀರನ್ನು ಕೈಗೆ ಸಿಕ್ಕ ತಂಬಿಗೆಗೆ ತುಂಬಿ, ಮುಚ್ಚಳ ಮುಚ್ಚಿ, ಕಟ್ಟೆಯ ಮೂಲೆಗೆ ಸರಿಸಿದಳು. ಹೊಸ್ತಿಲು ದಾಟುವಾಗ ಬಾಯಿ ತನ್ನಷ್ಟಕ್ಕೆ ತಾನೇ, "ಕಟ್ಟೆ ಮೇಲಿಂದು ಕುಡೀರಿ" ಎಂದಿತು.

"ಆತು" ಎಂದ ಪ್ರಕಾಶ, ಹೊದಿಕೆಯೊಳಗಿನಿಂದಲೇ.

ಸಭೆಯಲ್ಲಿ ಮಾಲತಿಯ ಮಾತು ಹೊಳೆಯಂತೆ ಹರಿಯಿತು. ಬೇಲಿಯ ಸಾಲಿನಲ್ಲಿ ತುಳಿದು ಹೋಗುವ ಒಂದೆಲಗ, ಮಳೆಗೆ ತಾನಾಗಿ ಏಳುವ ಚಗಟೆ ಸೊಪ್ಪು, ದನಕ್ಕೆಂದು ಬಿಡುವ ಹುರುಳಿ. "ಹಿತ್ತಿಲ ಗಿಡ ಮದ್ದಲ್ಲ ಅಂದ್ಕಂಡೇ ನಾವು ಹಾಳಾದದ್ದು. ಬೇಯ್ಸಿದ ನೀರು ಒಂದು ಹನಿನೂ ಚೆಲ್ಬೇಡಿ" ಎಂದಳು.

ಮುಂದಿನ ಸಾಲಿನ ರೋಹಿಣಿ ಕೇಳಿದಳು: "ಹಾಂಗಾರೆ ಮಾಲ್ತಕ್ಕ, ಕಳಲೆ ನೀರೂ ಕುಡೂಕೆ ಅಡ್ಡಿಲ್ಲ್ಯಾ?"

"ಅಯ್ಯಯ್ಯೋ, ಅದು ವಿಷ ಮಾರಾಯ್ತಿ! ಅದನ್ನ ಮಾತ್ರ..."

ಮಾತು ಅಲ್ಲೇ ನಿಂತಿತು. ಕಟ್ಟೆಯ ಮೂಲೆ, ಮುಚ್ಚಳ ಮುಚ್ಚಿದ ತಂಬಿಗೆ ಕಣ್ಣಿಗೆ ಕಟ್ಟಿತು. ಕುಡೀರಿ ಎಂದದ್ದು ತಾನೇ.

ಮನೆಗೆ ಫೋನ್ ಮಾಡಿದಳು, ಎತ್ತುವವರಿಲ್ಲ. ಮತ್ತೆ ಮಾಡಿದಳು, ಮತ್ತೆ ಇಲ್ಲ. ಚಪ್ಪಲಿಯನ್ನೂ ಹುಡುಕದೆ ಸಿಕ್ಕ ರಿಕ್ಷಾ ಹತ್ತಿದಳು. ಹೆದ್ದಾರಿಯುದ್ದಕ್ಕೂ ಮಳೆ. ಬಾಯಲ್ಲಿ ದೇವರ ಹೆಸರು ಬಂದರೆ ಮನಸ್ಸಿನಲ್ಲಿ ತಿಮ್ಮಪ್ಪನ ಎಮ್ಮೆ ಬರುತ್ತಿತ್ತು. ತಾಳಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಅವನನ್ನು ಬದುಕಿಸುತ್ತೇನೆಂದು ಹೊರಟವಳು ಕೈಯಾರೆ ಕೊಂದೆನಲ್ಲ ಎಂದುಕೊಂಡಳು.

ಮನೆಯಲ್ಲಿ ಸದ್ದಿಲ್ಲ. ಕಟ್ಟೆಯ ಮೇಲೆ ತಂಬಿಗೆ ಬೋರಲು ಬಿದ್ದಿತ್ತು. ಜಗಲಿಯ ಮಂಚದಲ್ಲಿ ಪ್ರಕಾಶ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಾಲತಿ ಅವನ ಮೇಲೆ ಬಿದ್ದು ಎರಡೂ ಕೈಯಲ್ಲಿ ಅಲುಗಿಸಿದಳು.

ಅವನು ಕಣ್ಣು ಬಿಟ್ಟ. "ಎಂತದೆ? ಮನೆಗೆ ಬೆಂಕಿ ಬಿದ್ತಾ?"

"ಕಟ್ಟೆ ಮೇಲಿಂದು ಕುಡಿದ್ರಾ?"

"ಹೂಂ, ಕುಡ್ದೆ."

"ಅದು ಕಳಲೆ ನೀರು! ಏಳಿ, ಆಸ್ಪತ್ರೆಗೆ ಹೋಪ, ಏಳಿ!" ಅವಳು ಗೋಳೋ ಎಂದು ಅತ್ತಳು.

ಪ್ರಕಾಶ ಎದ್ದು ಕೂತ. ಹೆಂಡತಿಯ ಅಳು ನೋಡಿ ಮೊದಲು ಗಾಬರಿಯಾಗಿ, ಆಮೇಲೆ ಸಿಕ್ಕಿಬಿದ್ದ ಕಳ್ಳನ ಹಾಗೆ ನಕ್ಕ.

"ಅಳಬೇಡ್ವೇ. ನಂಗೆಂತದೂ ಆಗೂದಿಲ್ಲ. ನೀ ಇಟ್ಟ ನೀರು ನಾ ಒಂದು ದಿನಾನೂ ಕುಡಿಲಿಲ್ಲ, ದೇವರಾಣೆ. ಆ ಕಹಿ ಯಾರು ಕುಡೂದು?"

ಮಾಲತಿಗೆ ಹೋದ ಜೀವ ಬಂದಂತಾಯಿತು. ಸುಳ್ಳುಗಾರ ಗಂಡ ಇಷ್ಟು ಚಂದ ಎಂದು ಅವಳಿಗೆ ಎಂದೂ ಅನ್ನಿಸಿರಲಿಲ್ಲ. ಅವನ ಎದೆಗೆ ಒಂದು ಗುದ್ದಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಾಂಗಾರೆ ದಿನಾ ತಂಬಿಗೆ ಖಾಲಿ ಆಗ್ತಿದ್ದದ್ದು?"

"ದನದ ಬಕೆಟ್ಟಿಗೆ ಸುರೀತಿದ್ದೆ. ಅವ್ವ ಅದನ್ನೇ ಗೌರಿಗೆ ಇಡ್ತಿತ್ತು. ಮತ್ತೆ ಹಾಲು ಹೆಚ್ಚಾದದ್ದು ಸುಮ್ನೆ ಅಂದ್ಕಂಡ್ಯಾ?" ಎಂದ ಪ್ರಕಾಶ ಇನ್ನೂ ನಗುತ್ತಲೇ ಇದ್ದ.

ಕೊಟ್ಟಿಗೆಯಿಂದ ಗಂಗಿಯ ದನಿ ಕೇಳಿತು.

"ಮಾಲ್ತೀ, ಬಂದ್ಯಾ? ಒಂಚೂರು ಬಾರೆ ಇಲ್ಲಿ. ಗೌರಿ ಯಾಕೋ ಏಳೂದೇ ಇಲ್ಲ."