ನೊರೆಗೆ ಹೆದರಬೇಡ

ಕಸದ ಗಾಡಿಯ ಗಂಟೆ, ಹಾಗಾದರೆ ಇವತ್ತು ಕೆಲಸದ ದಿನ, ಕೆಳಗೆ ಯಾರೋ ಸ್ಕೂಟರ್ ಒದೆಯುತ್ತಿದ್ದಾರೆ, ಮೂರನೇ ಒದೆತಕ್ಕೆ ಹತ್ತಿಕೊಂಡಿತು, ಎಲ್ಲರಿಗೂ ಹೋಗಲು ಒಂದು ಕಡೆ ಇದೆ, ಅವಳು ಅಡುಗೆಮನೆಯ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದಾಳೆ, ನೆಲ ತಣ್ಣಗಿದೆ, ಗಂಡನ ಅಂತ್ಯಕ್ರಿಯೆ ಮುಗಿದು ಆರು ದಿನ, ಅಳಲು ಯಾರೂ ಬರದ ಮೊದಲ ಬೆಳಗು ಇದು, ನಿನ್ನೆ ಸಂಜೆ ನಾದಿನಿಯೂ ಹೊರಟಳು, ಬಾಡಿಗೆ ಕುರ್ಚಿಗಳೂ ಹೋದವು, ಉಳಿದದ್ದು ಅತ್ತೆ, ಅವಳು, ಮತ್ತು ಸಿಂಕಿನ ಪಕ್ಕ ಗೋಡೆಗೆ ಒರಗಿ ಕೂತ ಆ ಗಾಜಿನ ಜಾಡಿ, ಇಪ್ಪತ್ತು ಲೀಟರಿನದು, ದಪ್ಪ ಹೊಟ್ಟೆ, ಸಣ್ಣ ಕುತ್ತಿಗೆ, ಕುತ್ತಿಗೆಗೆ ನಾಲ್ಕು ಬೆರಳು ಕೆಳಗೆ ಒಳಗಡೆ ಒಣಗಿ ಅಂಟಿದ ಒಂದು ಕಂದು ಬಳೆ. ಅವನು ಮನೆಯಲ್ಲೇ ಬಿಯರ್ ಮಾಡುತ್ತಿದ್ದ, ನೊರೆ ಉಕ್ಕಿ ಇಳಿದ ಗುರುತು ಅದು, ಜಾಡಿ ಅವನದಲ್ಲ, ಮೂಲೆಯ ಕನ್ನಡಕದಂಗಡಿಯವರದು, ಬೀದಿಗೆಲ್ಲ ಮಾವ ಅವರು, ಈ ವಿದ್ಯೆಯಲ್ಲಿ ಅವನ ಗುರು, ಎರವಲು ತಂದು ಮೂರು ವರ್ಷ. ಬಿಯರನ್ನು ಸೀಸೆಗಳಿಗೆ ತುಂಬಿದ ದಿನವೇ ಜಾಡಿ ತೊಳೆದಿಡುತ್ತಿದ್ದ, ಯಾವತ್ತೂ ತಪ್ಪಿದವನಲ್ಲ, ಆವತ್ತು ಮಾತ್ರ ಅವಳು ಕರೆದಳು, ಬಾ ಸಾಕು, ಬೆನ್ನು ನೋವು ಅಂತಿದ್ದೆ, ನಾಳೆ ತೊಳಿ, ಅವನು ಬಂದ, ಅಷ್ಟು ಸುಲಭವಾಗಿ ಬಂದ, ಆ ನಾಳೆ ಬೆಳಿಗ್ಗೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಎದೆ ಹಿಡಿದು ಕೂತವನು ಏಳಲಿಲ್ಲ. ಬೆನ್ನು ನೋವು. ಬೆನ್ನು ಎಂದೇ ಅಂದುಕೊಂಡಿದ್ದರು ಇಬ್ಬರೂ.

ಚಹಾ ಮತ್ತೆ ಆರಿಹೋಯ್ತು ಕಣೇ, ಅತ್ತೆ ಹಿಂದೆ ಬಂದು ನಿಂತಿದ್ದಾರೆ, ಅವಳ ಕಣ್ಣು ಎಲ್ಲಿದೆಯೋ ಅವರ ಕಣ್ಣೂ ಅಲ್ಲಿಗೇ ಹೋಯಿತು, ಅತ್ತೆಗೆ ಈ ಜಾಡಿ ಕಂಡರೆ ಆಗುತ್ತಿರಲಿಲ್ಲ, ಒಂದು ಚಳಿಗಾಲ ಅವನು ಅದಕ್ಕೆ ಕಂಬಳಿ ಹೊದಿಸಿದ್ದನ್ನು ನೋಡಿ, ನಾನು ಮೊಮ್ಮಗು ಕೇಳಿದ್ರೆ ನೀನು ಹೆಂಡಕ್ಕೆ ಜೋಗುಳ ಹಾಡ್ತಿದೀಯಲ್ಲೋ, ಅಂದಿದ್ದರು, ಅಮ್ಮಾ ಮೆಲ್ಲಗೆ, ಈಗ ತಾನೇ ಮಲಗಿದೆ, ಅಂದಿದ್ದ ಅವನು, ಬೈಯಲು ಬಂದವರು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದರು. ಈಗ ಅದೇ ಅತ್ತೆ, ತೊಳೀಬೇಡ, ಹಾಗೇ ಇರಲಿ, ಅನ್ನುತ್ತಾರೆ, ಅವನು ಅರ್ಧಕ್ಕೆ ಬಿಟ್ಟ ಕೆಲಸ ಅಂತ ಉಳಿದಿರೋದು ಇದೊಂದೇ. ಆರು ದಿನ ಅವಳೂ ಅದನ್ನೇ ಅಂದುಕೊಂಡಳು, ತೊಳೆದರೆ ಮುಗಿಯಿತು, ಅವನು ಕೊನೆಯ ಸಲ ಮುಟ್ಟಿದ್ದು ಸಿಂಕಿನ ತೂತಿನಲ್ಲಿ ಹೋಗುತ್ತದೆ, ಆದರೆ ಬಳೆಯ ಅಂಚಿನಲ್ಲಿ ಹಸಿರು ಕಾಣಿಸುತ್ತಿದೆ, ನಿನ್ನೆ ಇರಲಿಲ್ಲ, ಅತ್ತೆ, ಬೂಷ್ಟು ಹಿಡೀತಿದೆ ನೋಡಿ, ಅತ್ತೆ ನೋಡಿದರು, ನನಗೇನೂ ಕಾಣಿಸ್ತಿಲ್ಲ, ಅಂದರು, ಆಮೇಲೆ ಪಾತ್ರೆ ಎತ್ತಿಕೊಂಡು, ನೀರು ಕಾಯಿಸ್ಲಾ, ಅಂದರು.

ಕುದಿಸಬೇಡಿ, ಉಗುರುಬೆಚ್ಚಗೆ ಸಾಕು, ಗಾಜು ಬಿರುಕು ಬಿಡುತ್ತೆ — ಅವನು ಹೇಳುತ್ತಿದ್ದ ಹಾಗೇ ಬಂತು ಬಾಯಿಗೆ. ವಾಸನೆ ಇಲ್ಲದ ತೊಳೆಯುವ ಪುಡಿ ಎರಡು ಚಮಚ, ಪಾತ್ರೆ ಸೋಪು ಮುಟ್ಟಬಾರದು, ಉದ್ದ ಬ್ರಷ್ಷಿನ ಕತ್ತು ಬಗ್ಗಿಸಿ ಒಳಗೆ ಬಿಟ್ಟಳು, ಬಳೆಯ ಹತ್ತಿರ ಬಂದು ಕೈ ನಿಂತಿತು, ಇರಲಿ, ನೆನೆಯಲಿ, ಅಷ್ಟರಲ್ಲಿ ಕೊಳವೆ, ರಬ್ಬರ್ ಬಿರಡೆ, ಬಿರಡೆಯ ಮೇಲೆ ಕೂತು ಗಾಳಿ ಹೊರಬಿಡುತ್ತ ಬುಳಕ್ ಬುಳಕ್ ಎನ್ನುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಬುಡ್ಡಿ, ಎಲ್ಲ ಬಿಚ್ಚಿ ತೊಳೆದಿಡು, ತೊಳೆಯೋದು ಬೇರೆ, ಸೋಂಕು ತೆಗೆಯೋದು ಬೇರೆ, ಒಂದು ಕಣ್ಣಿಗೆ ಕಾಣೋದಕ್ಕೆ, ಇನ್ನೊಂದು ಕಾಣದ್ದಕ್ಕೆ, ಮದುವೆಯ ಹೊಸತರಲ್ಲಿ ಪಾಠ ಮಾಡಿದ್ದ, ಸೂಕ್ಷ್ಮಜೀವಿ ಅಂದ್ರೇನು ಅಂತ ಎಂಎಸ್ಸಿ ಮಾಡಿದವಳಿಗೆ ಹೇಳ್ಬೇಡ ಕಣೋ, ಅಂದಿದ್ದಳು, ಆ ಎಂಎಸ್ಸಿ ಮಾಡಿದವಳೇ ಒಂದು ಭಾನುವಾರ, ಅವನು ದ್ರಾವಣ ಹಾಕಿ ಕುಲುಕಿಟ್ಟು ಫೋನಿಗೆ ಓಡಿದಾಗ, ಜಾಡಿಯ ತುಂಬ ನೊರೆ ನೋಡಿ, ಅಯ್ಯೋ ಹೀಗೇ ಬಿಟ್ಟು ಹೋದನಲ್ಲ ಎಂದು ನಲ್ಲಿಯ ಕೆಳಗೆ ಹಿಡಿದು ಮೂರು ಸಲ ತೊಳೆದು ಫಳಫಳ ಮಾಡಿಟ್ಟಳು. ಅದು ಸೋಪಿನ ನೊರೆಯಲ್ಲ, ಸೋಂಕು ತೆಗೆಯುವ ನೊರೆ, ಅದನ್ನು ತೊಳೆಯಬಾರದು, ಕುದಿಸಿ ಆರಿಸಿದ ಧಾನ್ಯದ ರಸ ಅದರ ಮೇಲೇ ಸುರಿಯಬೇಕು, ಅವಳಿಗೆ ಗೊತ್ತಿರಲಿಲ್ಲ, ನಲ್ಲಿ ನೀರಿನ ಜೊತೆ ಏನೋ ಒಳಗೆ ಹೋಯಿತು, ಮೂರು ವಾರಕ್ಕೆ ಇಡೀ ಜಾಡಿ ಹುಳಿ. ಅವನು ತಲೆ ಕೆಡಿಸಿಕೊಂಡ, ಥರ್ಮಾಮೀಟರ್ ಬದಲಿಸಿದ, ಕೊಳವೆ ಹೊಸದು ತಂದ, ಆಮೇಲೆ ಒಂದು ಸಂಜೆ ಹುಡುಕುವುದನ್ನೇ ಬಿಟ್ಟುಬಿಟ್ಟ, ಬಿಟ್ಟು ಹೊಸದೊಂದು ಚಟ ಹಚ್ಚಿಕೊಂಡ, ದ್ರಾವಣ ಕುಲುಕಿದಾಗಲೆಲ್ಲ ಜಾಡಿಯ ಬೆನ್ನು ತಟ್ಟಿ, ನೊರೆಗೆ ಹೆದರಬೇಡ, ಅನ್ನುವುದು, ಜಾಡಿಗೆ, ಅವಳತ್ತ ತಿರುಗಿಯೂ ನೋಡದೆ, ಅವಳಿಗೆ ಆಗಲೇ ತಿಳಿದದ್ದು ತಾನು ಮಾಡಿದ್ದೇನೆಂದು, ಹೇಳಿಬಿಡಬೇಕು, ಇವತ್ತು ಬೇಡ, ಬರುವ ಭಾನುವಾರ — ಎಷ್ಟು ಭಾನುವಾರಗಳು ಬಂದುಹೋದವು. ಬಳೆ ನೆನೆದಿದೆ. ಬ್ರಷ್ಷು ತಾಗಿದ್ದೇ ತಡ ಒಂದು ಕಡೆಯಿಂದ ಸುಲಿದು ಬಂತು, ಧಾನ್ಯದ ವಾಸನೆ ಒಮ್ಮೆ ಎದ್ದಿತು, ಅವನ ಅಂಗಿಯ ತೋಳಿನ ವಾಸನೆ, ಕಂದು ನೀರು ತೂತಿನ ಸುತ್ತ ಒಂದು ಸುತ್ತು ಸುತ್ತಿ ಇಳಿಯಿತು, ಅತ್ತೆ ಮುಖ ಆ ಕಡೆ ತಿರುಗಿಸಿಕೊಂಡರು. ಎರಡು ಸಲ ನೀರಿನಲ್ಲಿ ಜಾಲಿಸಿದಳು, ಆಮೇಲೆ ದ್ರಾವಣ ಒಂದು ಮುಚ್ಚಳ, ತಣ್ಣೀರು, ಕುಲುಕು, ಎರಡು ನಿಮಿಷ, ಚೆಲ್ಲು, ನೊರೆ ಗಾಜಿಗೆ ಅಂಟಿ ಉಳಿಯಿತು, ಕೈ ತಾನಾಗಿ ನಲ್ಲಿಯ ಕಡೆ ಹೋಯಿತು, ನಿಂತಿತು.

ಎರವಲು ತಂದದ್ದನ್ನ ತಿರುಗಿ ಕೊಟ್ಟರೆ, ಕೊಟ್ಟವರು ಹಾಗೇ ಸುರಿದುಕೊಳ್ಳೋ ಹಾಗಿರಬೇಕು ಅನ್ನುತ್ತಿದ್ದ, ಬಾಯಿಗೆ ಬಿರಡೆ ಒತ್ತಿ, ಟವೆಲಿನಲ್ಲಿ ಸುತ್ತಿ, ಎದೆಗೆ ಅವುಚಿಕೊಂಡು ಮೆಟ್ಟಿಲು ಇಳಿಯುತ್ತಾಳೆ, ಮೆಲ್ಲಗೆ, ಅಂದರು ಅತ್ತೆ ಬಾಗಿಲಿನಿಂದ, ಮೆಲ್ಲಗೆ. ರಸ್ತೆ, ಬಿಸಿಲು, ಅಂಗಡಿಯ ಗೋಡೆಯ ತುಂಬ ಕಣ್ಣಿಲ್ಲದ ಕನ್ನಡಕಗಳು, ಮಾವ ಸ್ಕ್ರೂಡ್ರೈವರ್ ಬಿಟ್ಟು ಓಡಿ ಬಂದರು, ನೀನ್ಯಾಕೆ ಹೊತ್ತು ತಂದೆ ತಾಯಿ, ನನಗೇನು ಇದರ ಅವಸರ ಇತ್ತಾ, ಕೌಂಟರಿನ ಮೇಲೆ ಇಟ್ಟಳು, ಟವೆಲು ಬಿಚ್ಚಿದಳು, ಒಳಗೆ ನೊರೆ ಇದೆ ಮಾವ, ತೊಳೀಬೇಡಿ. ಅವರು ಜಾಡಿಯ ಬೆನ್ನು ತಟ್ಟಿದರು. ನೊರೆಗೆ ಹೆದರಬೇಡ, ಅಂದರು. ಅದೇ ಎಳೆತ, ಅದೇ ತಟ್ಟು, ಅದು ಅವನ ಮಾತು, ಅಂದಳು. ಅವನದೆಲ್ಲಿ ಬಂತು, ಅದೂ ಇಲ್ಲಿಂದಲೇ ಎರವಲು ತಗೊಂಡು ಹೋದದ್ದು, ಒಂದು ಸಲ ಎಲ್ಲ ಹುಳಿಯಾಯ್ತು ಅಂತ ಒಂದು ಲೋಟ ತಂದು ಕುಡಿಸಿದ್ದ, ಒಂದೇ ಗುಟುಕಿಗೆ ಕೇಳಿದೆ, ಲೋ, ನೊರೆ ತೊಳೆದವರು ಯಾರೋ, ಅಂತ. ಅವಳು ಕೌಂಟರಿನ ಅಂಚು ಹಿಡಿದುಕೊಂಡಳು, ಅದಕ್ಕೆ ಏನಂದ. ಏನಂತಾನೆ, ಲೋಟದೊಳಗೆ ಇಣುಕಿದ, ಆಮೇಲೆ ಒಬ್ಬನೇ ನಕ್ಕ, ನಾನೇ ತೊಳೆದೆ ಮಾವ, ಅಂದ, ಇಷ್ಟು ಓದಿ ಇಂಥ ಕೆಲಸ ಮಾಡ್ತಾರೇನೋ ಅಂತ ಚೆನ್ನಾಗಿ ಬೈದು ಕಳಿಸಿದೆ — ನಾನೇ ತೊಳೆದೆ, ಬೈಸಿಕೊಂಡು ಮನೆಗೆ ಬಂದ, ಬಂದು ಜಾಡಿಗೆ ಹೇಳಿದ, ಎರಡು ವರ್ಷ ಜಾಡಿಗೇ ಹೇಳಿದ, ತೊಳೆದದ್ದು ನಾನು ಎನ್ನಲು ಅವಳು ಇನ್ನೇನು ಬಾಯಿ ತೆರೆಯಬೇಕು, ಮಾವ ಕೇಳುತ್ತಿದ್ದಾರೆ, ಯಾಕಮ್ಮ, ಕೂತ್ಕೋ, ನೀರು ಕೊಡ್ಲಾ, ಗಾಜಿನೊಳಗೆ ನೊರೆ ಇಳಿಯುತ್ತಿದೆ, ಒಂದೊಂದೇ ಗುಳ್ಳೆ, ಬಳೆ ಇದ್ದಲ್ಲಿಗೆ ಬಂದು ನಿಂತಿದೆ, ನೊರೆ, ಇಳಿಯದೆ, ನೊರೆ